ಕಲಿಯಕ್ಕೋ, ಗೇಯಕ್ಕೋ?

ತಾಂಡ್ಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆ ಕೊಟ್ಟ ಎರಡು ಪತ್ರಗಳನ್ನು ಒಂದೇ ಸಂಜೆ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಪತ್ರ ತಂದವರು ತಿರುಮಕೂಡಲು ನರಸೀಪುರ ತಾಲ್ಲೂಕಿನ ಒಂದೇ ಊರಿನ ಇಬ್ಬರು ಹುಡುಗರು. ಇಬ್ಬರದೂ ಒಂದೇ ಐಟಿಐ, ಒಂದೇ ಫಿಟ್ಟರ್ ಟ್ರೇಡು. ಪಾಸಾದದ್ದು ಒಂದೇ ವರ್ಷ, ಕೆಲಸಕ್ಕೆ ಹೋಗತೊಡಗಿದ್ದೂ ಒಂದೇ ವಾರ. ಬೆಳಗಿನ ಜಾವ ಒಂದೇ ಬಸ್ಸು ಹಿಡಿದು, ಒಂದೇ ಗೇಟಿನಲ್ಲಿ ಒಳಗೆ ಹೋಗಿ, ಒಂದೇ ಲೈನಿನಲ್ಲಿ ನಿಲ್ಲುತ್ತಿದ್ದರು. ಒಬ್ಬನ ಪತ್ರದಲ್ಲಿ ಅವನನ್ನು ‘ಅಪ್ರೆಂಟಿಸ್’ ಎಂದು ಕರೆದಿತ್ತು, ಇನ್ನೊಬ್ಬನ ಪತ್ರದಲ್ಲಿ ‘ಟ್ರೈನಿ’ ಎಂದಿತ್ತು. ಮನೆಯವರಿಗೆ ಇಬ್ಬರೂ ಹೇಳಿದ್ದು ಒಂದೇ ಮಾತು: “ಟ್ರೈನಿಂಗು.”

ಎರಡನೆಯವನ ತಾಯಿಯೂ ಜೊತೆಗೆ ಬಂದಿದ್ದರು. ನಾನು ಇಂಗ್ಲಿಷಿನ ಆ ಎರಡು ಪುಟಗಳನ್ನು ಸಾಲು ಸಾಲಾಗಿ ಕನ್ನಡಕ್ಕೆ ಇಳಿಸಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು. “ಅದೆಲ್ಲಾ ಸರಿ. ಇವ್ನು ಅಲ್ಲಿಗೆ ಕಲಿಯಕ್ಕೆ ಹೋಯ್ತಾವ್ನೋ, ಗೇಯಕ್ಕೆ ಹೋಯ್ತಾವ್ನೋ? ವಸಿ ಬುಡ್ಸಿ ಯೋಳಿ ಮೇಷ್ಟ್ರೇ.”

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿದವನು. ಒಂದೇ ಥರ ಕಾಣುವ, ಆದರೆ ಬೇರೆ ಅರ್ಥದ ಪದಗಳನ್ನು ಜೋಡಿ ಜೋಡಿಯಾಗಿ ಬೋರ್ಡಿನ ಮೇಲೆ ಬರೆದು ಮಕ್ಕಳಿಂದ ಉರು ಹೊಡೆಸಿದ್ದೇನೆ. ಬಾರೋ ಮತ್ತು ಲೆಂಡ್, ಅಡ್ವೈಸ್‌ನ ಎರಡು ಸ್ಪೆಲ್ಲಿಂಗು, ಬಿಸೈಡ್ ಮತ್ತು ಬಿಸೈಡ್ಸ್. ಪರೀಕ್ಷೆಯಲ್ಲಿ ಒಂದೊಂದಕ್ಕೆ ಅರ್ಧ ಅಂಕ. ಅಪ್ರೆಂಟಿಸ್ ಮತ್ತು ಟ್ರೈನಿ ನನ್ನ ಯಾವ ಪಟ್ಟಿಯಲ್ಲೂ ಇರಲಿಲ್ಲ. ನನ್ನ ಶಿಷ್ಯರ ಬದುಕಿನಲ್ಲಿ ನಿಜವಾಗಿ ಲೆಕ್ಕಕ್ಕೆ ಬಂದ ಜೋಡಿ ಅದೊಂದೇ ಎಂದು ಆ ಸಂಜೆ ಅನ್ನಿಸಿತು. ಆ ತಾಯಿಗೆ ಅಂದು ತಕ್ಷಣ ಉತ್ತರ ಕೊಡಲಾಗಲಿಲ್ಲ. ಆಮೇಲೆ ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪದಗಳನ್ನೇ ನೋಡೋಣ. ಅಪ್ರೆಂಟಿಸ್ ಎಂಬುದು ಫ್ರೆಂಚಿನ ‘ಕಲಿ’ ಎಂಬ ಧಾತುವಿನಿಂದ ಬಂದದ್ದು. ಅದರ ಹಿಂದಿರುವ ಲ್ಯಾಟಿನ್ ಧಾತುವಿಗೆ ಹಿಡಿ, ಕೈಗೆ ತೆಗೆದುಕೋ ಎಂಬ ಅರ್ಥ. ನಮ್ಮಲ್ಲಿ ಕೆಲಸ ಕೈಗೆ ಹತ್ತಿತು, ಕೈ ಕುದುರಿತು ಎನ್ನುತ್ತೇವಲ್ಲ, ಹೆಚ್ಚುಕಡಿಮೆ ಅದೇ ಭಾವ. ಟ್ರೈನಿ ಎಂಬ ಪದದ ಬೇರಿನಲ್ಲಿರುವ ಲ್ಯಾಟಿನ್ ಧಾತುವಿನ ಅರ್ಥ ಎಳೆ. ಗಾಡಿಗಳನ್ನು ಎಳೆದೊಯ್ಯುವ ಟ್ರೇನೂ ಅದೇ ಬೇರಿನದು. ಅದಕ್ಕೆ ಇಂಗ್ಲಿಷಿನವರು ಕೊನೆಯಲ್ಲಿ ‘ಈ’ ಎಂಬ ಬಾಲ ಸೇರಿಸಿದರು. ಯಾರ ಮೇಲೆ ಕ್ರಿಯೆ ನಡೆಯುತ್ತದೋ ಅವನನ್ನು ಈ ಬಾಲ ತೋರಿಸುತ್ತದೆ. ಅಪ್ರೆಂಟಿಸ್ ತಾನೇ ಹಿಡಿಯುವವನು, ಟ್ರೈನಿ ಬೇರೆಯವರು ಎಳೆದತ್ತ ಹೋಗುವವನು. ಪದದ ಹುಟ್ಟನ್ನು ನೋಡಿ ಮನುಷ್ಯನ ಹಣೆಬರಹ ಹೇಳಬಾರದು, ನಿಜ. ಈ ಜೋಡಿಯಲ್ಲಿ ಮಾತ್ರ ಹುಟ್ಟಿನ ಗುಣ ಇವತ್ತಿಗೂ ಉಳಿದುಬಂದಿದೆ.

ಅಪ್ರೆಂಟಿಸ್ ಪದದ ಬೆನ್ನಿಗೆ ಶತಮಾನಗಳ ಕಾನೂನು ಇದೆ. ಇಂಗ್ಲೆಂಡಿನಲ್ಲಿ 1563ರ ಶಾಸನವೊಂದು ಕಸುಬು ಮಾಡಬೇಕಾದವನು 7 ವರ್ಷ ಗುರುವಿನ ಕೈಕೆಳಗೆ ಕಲಿತಿರಲೇಬೇಕು ಎಂದು ವಿಧಿಸಿತ್ತು. ಅದನ್ನು ತೆಗೆದುಹಾಕಿದ್ದು 1814ರಲ್ಲಿ. ನಮ್ಮ ದೇಶದಲ್ಲಿ 1850ರಲ್ಲೇ ಒಂದು ಅಪ್ರೆಂಟಿಸ್ ಕಾಯ್ದೆ ಬಂತು. 10 ವರ್ಷ ದಾಟಿದ ಮಕ್ಕಳನ್ನು, ಅದರಲ್ಲೂ ಅನಾಥರು ಮತ್ತು ಬಡವರ ಮಕ್ಕಳನ್ನು, ಕಸುಬು ಕಲಿಯಲು ಒಪ್ಪಂದ ಬರೆದು ಒಪ್ಪಿಸುವ ಕಾನೂನು ಅದು. ಆ ಕಾಲದ ಕಲಿಕೆಯನ್ನು ನಾನು ಹೊಗಳುವುದಿಲ್ಲ. ಕಲಿಯಲು ಬಿಟ್ಟ ಮಕ್ಕಳು ಹೊಡೆತ ತಿಂದದ್ದು ಇಂಗ್ಲೆಂಡಿನಲ್ಲೂ ಉಂಟು, ನಂಜನಗೂಡಿನ ಗ್ಯಾರೇಜುಗಳಲ್ಲೂ ಉಂಟು. ಆದರೂ ‘ಕೆಲಸ ಕಲಿಯಕ್ಕೆ ಬಿಟ್ಟಿದ್ದೀವಿ’ ಎಂದರೆ ಏನೆಂದು ಮನೆಯವರಿಗೂ ಮೇಸ್ತ್ರಿಗೂ ತಿಳಿದಿತ್ತು. ಮೊದಲು ಸಾಮಾನು ತೊಳೆಯಬೇಕು, ಆಮೇಲೆ ಸ್ಪ್ಯಾನರ್ ಎತ್ತಿ ಕೊಡಬೇಕು, ಒಂದು ದಿನ ಇಂಜಿನ್ನಿಗೆ ತಾನೇ ಕೈ ಹಾಕಬೇಕು. ಕಡೆಗೆ ಅವನೂ ಮೇಸ್ತ್ರಿಯಾಗಬೇಕು. ‘ಸಂಬಳಕ್ಕೆ ಇದ್ದಾನೆ’ ಎಂಬುದು ಬೇರೆಯೇ ಮಾತು. ಸಂಬಳಕ್ಕೆ ಇದ್ದವನು ಗೇಯಬೇಕು, ಗೇಯ್ದದ್ದಕ್ಕೆ ದುಡ್ಡೋ ಕಾಳೋ ಪಡೆಯಬೇಕು. ಅವನಿಗೆ ಯಾರೂ ಏನನ್ನೂ ಕಲಿಸಬೇಕಾಗಿಲ್ಲ. ಈ ಎರಡು ಮಾತನ್ನು ಕಲಸಿದವರನ್ನು ನಮ್ಮ ಕಡೆ ಮೋಸಗಾರರು ಎನ್ನುತ್ತಿದ್ದರು. ಆ ತಾಯಿಯ ಪ್ರಶ್ನೆಯ ಹಿಂದೆ ಇದ್ದದ್ದು ಈ ತಿಳಿವಳಿಕೆ.

ಇನ್ನು ಈಗಿನ ಕಾನೂನು. 1961ರ ಅಪ್ರೆಂಟಿಸ್ ಕಾಯ್ದೆ 1850ರದ್ದನ್ನು ರದ್ದು ಮಾಡಿ ಅದರ ಜಾಗಕ್ಕೆ ಬಂತು. ಇದರ ಪ್ರಕಾರ ಅಪ್ರೆಂಟಿಸ್ ಆಗುವುದೆಂದರೆ ಒಪ್ಪಂದಕ್ಕೆ ಸಹಿ ಹಾಕುವುದು. ಆ ಒಪ್ಪಂದ ಅಪ್ರೆಂಟಿಸ್ ಸಲಹೆಗಾರ ಎಂಬ ಸರ್ಕಾರಿ ಅಧಿಕಾರಿಯ ಬಳಿ ನೋಂದಣಿಯಾಗಬೇಕು. ಯಾವ ಟ್ರೇಡು, ಎಷ್ಟು ಕಾಲ, ತಿಂಗಳಿಗೆ ಎಷ್ಟು ಸ್ಟೈಪೆಂಡ್ ಎಂಬುದು ಅದರಲ್ಲಿ ಇರುತ್ತದೆ. ಸ್ಟೈಪೆಂಡಿಗೆ ಕನಿಷ್ಠ ಮಿತಿ ಇದೆ. 2019ರ ತಿದ್ದುಪಡಿ ಅದನ್ನು ಓದಿನ ಮಟ್ಟಕ್ಕೆ ತಕ್ಕಂತೆ ತಿಂಗಳಿಗೆ 5,000ದಿಂದ 9,000 ರೂಪಾಯಿವರೆಗೆ ನಿಗದಿ ಮಾಡಿತು. 30 ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆ ತನ್ನ ಒಟ್ಟು ಕೆಲಸಗಾರರ ಶೇ. 2.5ರಿಂದ ಶೇ. 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು ಎಂದೂ ಅದು ಹೇಳಿತು. ಸಲಹೆಗಾರರ ಒಪ್ಪಿಗೆ ಇಲ್ಲದೆ ಅಪ್ರೆಂಟಿಸನಿಗೆ ಓಟಿ ಹಾಕುವಂತಿಲ್ಲ. ಆ ಒಪ್ಪಿಗೆ ಕೊಡಬೇಕಾದರೂ ಓಟಿಯಿಂದ ಅವನ ಕಲಿಕೆಗೆ ಅಥವಾ ಸಾರ್ವಜನಿಕರಿಗೆ ಪ್ರಯೋಜನ ಇದೆ ಎಂದು ಮನವರಿಕೆಯಾಗಬೇಕು. ಕೆಲಸದಲ್ಲಿ ಗಾಯವಾದರೆ ಕೆಲಸಗಾರನಿಗೆ ಸಿಗುವಂಥದೇ ಪರಿಹಾರ ಅವನಿಗೂ ಸಿಗಬೇಕು. ಕೊನೆಗೆ ಪರೀಕ್ಷೆ, ಪಾಸಾದರೆ ರಾಷ್ಟ್ರೀಯ ಪ್ರಮಾಣಪತ್ರ. ಆ ಕಾಗದಕ್ಕೆ ಬೆಲೆ ಇದೆ. ರೈಲ್ವೆಯ ತಳಮಟ್ಟದ ಹುದ್ದೆಗಳಲ್ಲಿ ಶೇ. 20ರಷ್ಟನ್ನು ರೈಲ್ವೆಯಲ್ಲೇ ಅಪ್ರೆಂಟಿಸ್‌ಶಿಪ್ ಮುಗಿಸಿದವರಿಗೆ ಮೀಸಲಿಡಲಾಗಿದೆ. ಮೈಸೂರಿನ ರೈಲ್ವೆ ವರ್ಕ್‌ಶಾಪಿಗೆ ಹೋಗುವ ನಮ್ಮ ಹುಡುಗರು ತಮ್ಮನ್ನು ‘ಆಕ್ಟ್ ಅಪ್ರೆಂಟಿಸ್’ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವುದು ಇದಕ್ಕೇ. ಇತರ ಅರ್ಹತೆಗಳು ಸಮನಾಗಿದ್ದರೆ ನೇಮಕದಲ್ಲಿ ಅಪ್ರೆಂಟಿಸ್ ಮುಗಿಸಿದವನಿಗೇ ಆದ್ಯತೆ ಕೊಡಬೇಕೆಂದು ಸುಪ್ರೀಂ ಕೋರ್ಟ್ 1995ರಲ್ಲಿ ಉತ್ತರ ಪ್ರದೇಶದ ಸಾರಿಗೆ ನಿಗಮದ ಮೊಕದ್ದಮೆಯಲ್ಲಿ ಹೇಳಿದೆ.

ಇಷ್ಟೆಲ್ಲ ಕೊಟ್ಟ ಕಾಯ್ದೆ ಒಂದನ್ನು ಕಿತ್ತುಕೊಳ್ಳುತ್ತದೆ. ಅದರ 18ನೇ ಕಲಮಿನ ಪ್ರಕಾರ ಅಪ್ರೆಂಟಿಸ್ ಕೆಲಸಗಾರನಲ್ಲ, ಟ್ರೈನಿ. ಕಾರ್ಮಿಕ ಕಾನೂನುಗಳು ಅವನಿಗೆ ಅನ್ವಯಿಸುವುದಿಲ್ಲ. ತರಬೇತಿ ಮುಗಿದ ಮೇಲೆ ಅವನಿಗೆ ಕೆಲಸ ಕೊಡಲೇಬೇಕೆಂಬ ಕಟ್ಟುಪಾಡೂ ಮಾಲೀಕನಿಗೆ ಇಲ್ಲ. ಗೊಂದಲದ ಬೀಜ ಬಿದ್ದದ್ದು ಇಲ್ಲಿ. ಕಾಯ್ದೆಯೇ ಅಪ್ರೆಂಟಿಸನನ್ನು ಟ್ರೈನಿ ಎಂದು ಕರೆದಿದೆ. ಹಾಗಾದರೆ ಎರಡೂ ಒಂದೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಹಸು ಎಂದರೆ ಪ್ರಾಣಿ ಎಂದಮಾತ್ರಕ್ಕೆ ಪ್ರಾಣಿಗಳೆಲ್ಲ ಹಾಲು ಕೊಡುತ್ತವೆಯೇ? ಪ್ರತಿಯೊಬ್ಬ ಅಪ್ರೆಂಟಿಸೂ ಟ್ರೈನಿ ಹೌದು, ಪ್ರತಿಯೊಬ್ಬ ಟ್ರೈನಿಯೂ ಅಪ್ರೆಂಟಿಸ್ ಅಲ್ಲ. ಟ್ರೈನಿ ಎಂಬ ಹೆಸರಿಗೇ ಮೀಸಲಾದ ಕಾಯ್ದೆ ಯಾವುದೂ ಇಲ್ಲ. ಯಾವ ಕಾರ್ಖಾನೆ ಬೇಕಾದರೂ ಯಾರಿಗೆ ಬೇಕಾದರೂ ಆ ಹೆಸರು ಕೊಡಬಹುದು. ಎಷ್ಟು ಕಾಲ, ಏನನ್ನು ಕಲಿಸುತ್ತೇವೆ, ಕೊನೆಗೆ ಯಾವ ಪರೀಕ್ಷೆ ಎಂದು ಎಲ್ಲೂ ನೋಂದಣಿ ಮಾಡಿಸಬೇಕಾಗಿಲ್ಲ. ಆ ಎರಡನೆಯ ಹುಡುಗನ ಪತ್ರದಲ್ಲೂ ಇವು ಯಾವುವೂ ಇರಲಿಲ್ಲ. ಅವಧಿ ಒಂದು ವರ್ಷ, ಬೇಕೆಂದರೆ ಮುಂದುವರಿಸಬಹುದು ಎಂದಿತ್ತು. ಶಿಫ್ಟುಗಳು ಇತರರಿಗೆ ಇದ್ದಂತೆಯೇ ಎಂದಿತ್ತು. ಕೊಡುವ ಹಣಕ್ಕೆ ಸ್ಟೈಪೆಂಡ್ ಎಂದು ಹೆಸರಿತ್ತು.

ಈ ಎರಡು ಪದಗಳ ಜಗಳ ಕರ್ನಾಟಕದಿಂದಲೇ ದೆಹಲಿಯವರೆಗೆ ಹೋದದ್ದುಂಟು. ಮಂಗಳೂರಿನ ಕ್ಯಾಂಪ್ಕೊ ಯಾರಿಗೆ ಗೊತ್ತಿಲ್ಲ? ಅಡಿಕೆ ಮತ್ತು ಕೋಕೋ ಬೆಳೆಗಾರರ ಸಹಕಾರ ಸಂಸ್ಥೆ, ಪುತ್ತೂರಿನಲ್ಲಿ ಚಾಕೊಲೇಟ್ ಮಾಡುವವರು. ಅವರು ತರಬೇತಿಗೆಂದು ತೆಗೆದುಕೊಂಡು ಸ್ಟೈಪೆಂಡ್ ಕೊಡುತ್ತಿದ್ದ ಟ್ರೈನಿಗಳಿಗೆ ಭವಿಷ್ಯನಿಧಿ ಕಟ್ಟಬೇಕೆಂದು ಪಿಎಫ್ ಇಲಾಖೆ ಹೇಳಿತು. ಪಿಎಫ್ ಕಾಯ್ದೆಯಲ್ಲಿ ನೌಕರ ಎಂದರೆ ಯಾರು ಎಂದು ಹೇಳುವಾಗ ಎರಡು ಬಗೆಯ ಅಪ್ರೆಂಟಿಸ್‌ಗಳನ್ನು ಹೊರಗಿಟ್ಟಿದ್ದರು. 1961ರ ಕಾಯ್ದೆಯಡಿ ಬಂದವರು ಒಂದು, ಸಂಸ್ಥೆಯ ಸ್ಥಾಯಿ ಆದೇಶಗಳಡಿ ಬಂದವರು ಇನ್ನೊಂದು. ಸ್ಥಾಯಿ ಆದೇಶ ಎಂದರೆ ರಜೆ, ಶಿಫ್ಟು, ಶಿಸ್ತುಗಳ ಬಗ್ಗೆ ಪ್ರತಿ ದೊಡ್ಡ ಕಾರ್ಖಾನೆಯಲ್ಲೂ ಇರುವ ನಿಯಮಾವಳಿ. ಸರ್ಕಾರದ ಮಾದರಿ ಸ್ಥಾಯಿ ಆದೇಶದಲ್ಲಿ ಕಲಿಯುವ ಅವಧಿಯಲ್ಲಿ ಭತ್ಯೆ ಪಡೆಯುವವನನ್ನೇ ಅಪ್ರೆಂಟಿಸ್ ಎಂದಿತ್ತು. ಹಾಗಿದ್ದ ಮೇಲೆ ಈ ಟ್ರೈನಿಗಳೂ ಅಪ್ರೆಂಟಿಸ್‌ಗಳೇ, ಆದ್ದರಿಂದ ಪಿಎಫ್ ಕಾಯ್ದೆಯ ಅರ್ಥದಲ್ಲಿ ನೌಕರರಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ತೀರ್ಮಾನಿಸಿತು. ಕ್ಯಾಂಪ್ಕೊದವರು ತರಬೇತಿಗೆ ಒಂದು ಯೋಜನೆಯನ್ನೇ ಮಾಡಿದ್ದರು, ಅವರ ಮೇಲೆ ನನಗೆ ಯಾವ ಆಕ್ಷೇಪವೂ ಇಲ್ಲ. ನನ್ನ ಚಿಂತೆ ಆ ತೀರ್ಪಿನ ಬಾಗಿಲಿನಲ್ಲಿ ಆಮೇಲೆ ಯಾರು ಯಾರು ನುಗ್ಗಿದರು ಎಂಬುದು. ಟ್ರೈನಿ ಎಂದು ಬರೆದು, ಕೊಡುವ ಹಣವನ್ನು ಸ್ಟೈಪೆಂಡ್ ಎಂದು ಕರೆದರೆ ಪಿಎಫ್ ಉಳಿಯಿತು ಎಂಬ ಪಾಠವನ್ನು ಕಲಿತವರು ಬಹಳ.

ಇದಕ್ಕೆ ಮೂರು ವರ್ಷ ಹಿಂದೆ, 2003ರಲ್ಲಿ, ಅದೇ ಕೋರ್ಟು ನಾಸಿಕ್‌ನ ತ್ರ್ಯಂಬಕ್ ರಬ್ಬರ್ ಎಂಬ ಕಾರ್ಖಾನೆಯ ಮೊಕದ್ದಮೆಯಲ್ಲಿ ಇನ್ನೊಂದು ದಾರಿ ತೋರಿಸಿತ್ತು. ಅಲ್ಲಿ ದುಡಿಯುವವರಲ್ಲಿ ಬಹುಪಾಲು ಜನ ಟ್ರೈನಿಗಳೆಂಬ ಹೆಸರಿನವರು. ಉತ್ಪಾದನೆ ನಡೆಯುತ್ತಿದ್ದದ್ದೇ ಅವರಿಂದ. ಹೆಸರು ಏನಾದರೂ ಇರಲಿ, ಇವರು ಮಾಡುತ್ತಿರುವುದು ಕಾರ್ಖಾನೆಯ ನಿತ್ಯದ ಕೆಲಸ, ಆದ್ದರಿಂದ ಇವರು ಕೆಲಸಗಾರರು ಎಂದು ಕೋರ್ಟು ಹೇಳಿತು. ನನ್ನ ಮಟ್ಟಿಗೆ ಆ ತಾಯಿಯ ಪ್ರಶ್ನೆಯನ್ನು ಕೇಳಿ ಉತ್ತರಿಸಿದ ತೀರ್ಪು ಇದು. ನ್ಯಾಯಾಧೀಶರು ಪತ್ರದಲ್ಲಿದ್ದ ಪದವನ್ನು ಬದಿಗಿಟ್ಟು ಹುಡುಗರ ಕೈ ಏನು ಮಾಡುತ್ತಿದೆ ಎಂದು ನೋಡಿದರು.

ಕಾನೂನುಗಳೊಳಗಿನ ಗೋಜಲು ಇಷ್ಟಕ್ಕೇ ಮುಗಿಯುವುದಿಲ್ಲ. 1947ರ ಕೈಗಾರಿಕಾ ವಿವಾದ ಕಾಯ್ದೆ ಕೆಲಸಗಾರ ಎಂಬ ಪದಕ್ಕೆ ಅರ್ಥ ಕೊಡುವಾಗ ಅಪ್ರೆಂಟಿಸನನ್ನು ಹೆಸರು ಹೇಳಿ ಒಳಗೆ ಸೇರಿಸಿಕೊಂಡಿತು. 1972ರ ಗ್ರಾಚ್ಯುಟಿ ಕಾಯ್ದೆ ನೌಕರ ಎಂಬುದಕ್ಕೆ ಅರ್ಥ ಕೊಡುವಾಗ ಅವನನ್ನೇ ಹೆಸರು ಹೇಳಿ ಹೊರಗೆ ಹಾಕಿತು. ಇಎಸ್‌ಐ ಕಾಯ್ದೆಯಲ್ಲಿ ಮೊದಲು ಪಿಎಫ್ ಕಾಯ್ದೆಯ ಹಾಗೆಯೇ ಎರಡೂ ಬಗೆಯವರಿಗೆ ವಿನಾಯಿತಿ ಇತ್ತು. 2010ರ ತಿದ್ದುಪಡಿ ಸ್ಥಾಯಿ ಆದೇಶದ ದಾರಿಯನ್ನು ಮುಚ್ಚಿತು. 1961ರ ಕಾಯ್ದೆಯ ಅಪ್ರೆಂಟಿಸನನ್ನು ಬಿಟ್ಟು ಉಳಿದವರೆಲ್ಲ, ತರಬೇತಿಯನ್ನು ಎಷ್ಟು ಕಾಲ ಎಳೆದರೂ, ಇಎಸ್‌ಐ ಒಳಗೆ ಬಂದರು. ಪರಿಣಾಮ ಏನಾಯಿತು ನೋಡಿ. ಒಬ್ಬನೇ ಹುಡುಗ, ಒಂದೇ ಯಂತ್ರ, ಒಂದೇ ದಿನ. ಇಎಸ್‌ಐ ಕಚೇರಿಯ ಕಣ್ಣಿಗೆ ಅವನು ನೌಕರನಾಗಿದ್ದ. ಪಿಎಫ್ ಕಚೇರಿಯ ಕಣ್ಣಿಗೆ ಅವನು ನೌಕರನಾಗಿರಲಿಲ್ಲ.

ಇದರಿಂದ ಕಳೆದುಹೋಗುವುದೇನು ಎಂದು ಲೆಕ್ಕ ಹಾಕಬೇಕು. ಟ್ರೈನಿಗೆ ತಿಂಗಳಿಗೆ 12,000 ರೂಪಾಯಿ ಎಂದಿಟ್ಟುಕೊಳ್ಳಿ. ಅವನನ್ನು ನೌಕರ ಎಂದು ಕರೆದಿದ್ದರೆ ಪಿಎಫ್‌ಗೆ ಅವನ ಪಾಲು ಶೇ. 12, ಅಂದರೆ 1,440. ಮಾಲೀಕರ ಪಾಲೂ ಅಷ್ಟೇ. ಅದರಲ್ಲಿ ಹೆಚ್ಚಿನ ಭಾಗ ಪಿಂಚಣಿ ಲೆಕ್ಕಕ್ಕೆ ಹೋಗುತ್ತದೆ. ತಿಂಗಳಿಗೆ 2,880ರಂತೆ ಮೂರು ವರ್ಷಕ್ಕೆ 1,03,680 ರೂಪಾಯಿ, ಬಡ್ಡಿ ಬೇರೆ. ಹಣಕ್ಕಿಂತ ದೊಡ್ಡದು ವರ್ಷಗಳ ಲೆಕ್ಕ. ಪಿಎಫ್ ಪಿಂಚಣಿಗೆ 10 ವರ್ಷದ ಸೇವೆ ಬೇಕು. ಟ್ರೈನಿಯಾಗಿ ಗೇಯ್ದ ಮೂರು ವರ್ಷ ಅದರೊಳಗೆ ಬರುವುದಿಲ್ಲ. ಒಂದು ಕಾರ್ಖಾನೆಯಲ್ಲಿ ಟ್ರೈನಿ, ಬ್ರೇಕು, ಮತ್ತೊಂದರಲ್ಲಿ ಟ್ರೈನಿ, ಮತ್ತೆ ಬ್ರೇಕು, ಆಮೇಲೆ ಕಂಟ್ರಾಕ್ಟು. ಹೀಗೆ ಇಪ್ಪತ್ತನೇ ವಯಸ್ಸಿನಿಂದ ಇಪ್ಪತ್ತೆಂಟರವರೆಗೆ ಹೋದವರು ನಮ್ಮ ಬಸ್‌ಸ್ಟಾಂಡುಗಳಲ್ಲಿ ಬ್ಯಾಗು ಹಿಡಿದು ನಿಂತಿದ್ದಾರೆ. ಹೆಣ್ಣು ಕೇಳಲು ಹೋದರೆ ಮೊದಲ ಪ್ರಶ್ನೆಯೇ “ಪರ್ಮನೆಂಟಾ?” ಎಂದು. ಎಂಟು ವರ್ಷ ಕಲಿಯುತ್ತಲೇ ಇದ್ದೇನೆ ಎಂದು ಯಾವ ಬಾಯಲ್ಲಿ ಹೇಳುವುದು? ಡಾಕ್ಟರ ಓದೂ ಅಷ್ಟು ಹಿಡಿಯುವುದಿಲ್ಲ.

ಕಾರ್ಖಾನೆಯವರ ಮಾತನ್ನೂ ಕೇಳಬೇಕು. ಅದರಲ್ಲಿ ಹುರುಳಿದೆ. ಐಟಿಐಯಿಂದ ನೇರವಾಗಿ ಬಂದ ಹುಡುಗನಿಗೆ ಸಿಎನ್‌ಸಿ ಯಂತ್ರ ಕೊಟ್ಟರೆ ಒಂದು ತಪ್ಪಿಗೆ ಸಾವಿರಾರು ರೂಪಾಯಿಯ ಟೂಲು ಮುರಿಯುತ್ತದೆ. ನಮ್ಮ ಎಷ್ಟೋ ಐಟಿಐಗಳಲ್ಲಿರುವ ಯಂತ್ರಗಳು ಹಳೆಯವು, ಕಾರ್ಖಾನೆಯಲ್ಲಿರುವುದು ಬೇರೆ. ಕಲಿಸಲು ಕಾಲ ಬೇಕು, ಕಲಿಸುವ ಹಿರಿಯ ಕೆಲಸಗಾರನ ಸಮಯ ಬೇಕು. ಕಲಿತ ಕೂಡಲೇ ಹುಡುಗ ಐನೂರು ರೂಪಾಯಿ ಹೆಚ್ಚಿಗೆ ಕೊಡುವ ಪಕ್ಕದ ಗೇಟಿಗೆ ಹೋಗಿಬಿಡುತ್ತಾನೆ. ಮೊದಲ ದಿನದಿಂದಲೇ ಪೂರ್ತಿ ಸಂಬಳ, ಪೂರ್ತಿ ಸವಲತ್ತು ಎಂದರೆ ಹೊಸಬರನ್ನು ತೆಗೆದುಕೊಳ್ಳುವುದೇ ಇಲ್ಲ ಎಂದು ಅವರು ಹೇಳಿದರೆ ನಾನು ಅದನ್ನು ಬೆದರಿಕೆ ಎಂದು ತಿಳಿಯುವುದಿಲ್ಲ.

ಆದರೆ ಈ ಕಷ್ಟಕ್ಕೆಂದೇ ಅಲ್ಲವೇ ಅಪ್ರೆಂಟಿಸ್ ಕಾಯ್ದೆ ಇರುವುದು? ಕಲಿಯುವ ಕಾಲದಲ್ಲಿ ಕಡಿಮೆ ಹಣ ಕೊಡಿ, ಪಿಎಫ್ ಬೇಡ, ಮುಗಿದ ಮೇಲೆ ಕೆಲಸ ಕೊಡಬೇಕೆಂಬ ಹೊಣೆಯೂ ಬೇಡ ಎಂದು ಅದು ಮಾಲೀಕರಿಗೆ ಮೊದಲೇ ಹೇಳಿದೆ. 2016ರಲ್ಲಿ ಬಂದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರೋತ್ಸಾಹ ಯೋಜನೆಯಲ್ಲಿ ಸ್ಟೈಪೆಂಡಿನ ಕಾಲುಭಾಗವನ್ನು, ತಿಂಗಳಿಗೆ 1,500 ರೂಪಾಯಿ ಮೀರದಂತೆ, ಕೇಂದ್ರ ಸರ್ಕಾರವೇ ಭರಿಸುತ್ತದೆ. ಪ್ರತಿಯಾಗಿ ಕಾಯ್ದೆ ಕೇಳುವುದು ಕಲಿಸಿ ಎಂಬುದನ್ನು ಮಾತ್ರ. ಏನು ಕಲಿಸುತ್ತೀರಿ ಎಂದು ಬರೆದುಕೊಡಿ, ಅವಧಿ ಗೊತ್ತು ಮಾಡಿ, ಕೊನೆಗೆ ಪರೀಕ್ಷೆಗೆ ಕೂರಿಸಿ. ಕಲಿಸುವುದೇ ಉದ್ದೇಶವಾದವನಿಗೆ ಇದು ಭಾರವಲ್ಲ. ಇದನ್ನು ಬಿಟ್ಟು ಟ್ರೈನಿ ಎಂಬ ದಾರಿ ಹಿಡಿದು, ಅದರಲ್ಲೂ ಹುಡುಗನನ್ನು ಎರಡನೇ ವರ್ಷಕ್ಕೂ ಮೂರನೇ ವರ್ಷಕ್ಕೂ ಅದೇ ಲೈನಿನಲ್ಲಿ ಅದೇ ನಟ್ಟು ಬಿಗಿಯಲು ನಿಲ್ಲಿಸಿದರೆ, ಅಲ್ಲಿ ನಡೆಯುತ್ತಿರುವುದು ಗೇಯ್ಮೆ. ನಟ್ಟು ಬಿಗಿಯುವುದನ್ನು ಕಲಿಯಲು ಮೂರು ವರ್ಷ ಬೇಕಾಗುವುದಿಲ್ಲ.

ನಡುವೆ ‘ನೀಮ್ ಟ್ರೈನಿ’ ಎಂಬ ಮೂರನೆಯ ಜಾತಿಯೂ ಹುಟ್ಟಿತ್ತು. 2013ರಲ್ಲಿ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿಯಾದ ಎಐಸಿಟಿಇ ತಂದ ಯೋಜನೆ. ಹುಡುಗ ಕಾರ್ಖಾನೆಯವನೂ ಅಲ್ಲ, ನಡುವಿನ ಏಜೆನ್ಸಿಯವನು. ಆಮೇಲೆ ಎಐಸಿಟಿಇಯೇ ಅದನ್ನು ಕೈಬಿಟ್ಟಿತು. ಕೈಬಿಟ್ಟದ್ದು ಒಳ್ಳೆಯದಾಯಿತು.

ಈಗ ಕನ್ನಡದ ತಪ್ಪಿಗೆ ಬರುತ್ತೇನೆ, ಏಕೆಂದರೆ ನಾವೂ ಇದರಲ್ಲಿ ಪಾಲುದಾರರು. ಇಂಗ್ಲಿಷಿನ ಈ ಎರಡು ಪದಗಳನ್ನೂ ನಾವು ತರಬೇತಿ ಎಂಬ ಒಂದೇ ಗೋಣಿಚೀಲಕ್ಕೆ ತುಂಬಿಬಿಟ್ಟೆವು. ತರಬೇತಿ ಒಳ್ಳೆಯ ಪದ. ಪಾಲನೆ, ಬೆಳೆಸುವಿಕೆ ಎಂಬ ಅರ್ಥದ ಅರಬ್ಬಿ ಮೂಲದಿಂದ ಬಂದು ನಮ್ಮದೇ ಆಗಿದೆ. ಅದು ಕೇಳಿದ ಕೂಡಲೇ ತಂದೆತಾಯಿಗೆ ಮಗ ಬೆಳೆಯುತ್ತಿದ್ದಾನೆ ಅನ್ನಿಸುತ್ತದೆ. ಆ ನಂಬಿಕೆಯ ನೆರಳಿನಲ್ಲೇ ಗೇಯ್ಮೆ ಮರೆಯಾಗುತ್ತದೆ. ಸರ್ಕಾರದ ಕನ್ನಡದಲ್ಲಿ ಅಪ್ರೆಂಟಿಸನಿಗೆ ‘ಶಿಶಿಕ್ಷು’ ಎಂಬ ಪದವಿದೆ. ಸಾರಿಗೆ ಸಂಸ್ಥೆಗಳ ಜಾಹೀರಾತುಗಳಲ್ಲಿ ನೀವು ನೋಡಿರಬಹುದು. ಅದು ಟ್ರೈನಿಯಿಂದ ಬೇರೆ ಪದ ಎಂಬುದೇನೋ ಸರಿ, ಆದರೆ ನಾನು ಕೇಳಿದ ಹತ್ತು ಹುಡುಗರಲ್ಲಿ ಒಬ್ಬನಿಗೂ ಅದರ ಅರ್ಥ ಗೊತ್ತಿರಲಿಲ್ಲ. ಶಿಶು ಎಂದೇನೋ ಇದೆಯಲ್ಲ ಎಂದ ಒಬ್ಬ. ಅರ್ಥವಾಗದ ಕನ್ನಡ ಯಾರನ್ನೂ ಕಾಯುವುದಿಲ್ಲ.

ಹೊಸ ಪದ ಕಟ್ಟುವ ಅಗತ್ಯ ನನಗೆ ಕಾಣುವುದಿಲ್ಲ. ಶಿಫ್ಟು ಮುಗಿಸಿ ಕ್ಯಾಂಟೀನಿನ ಮುಂದೆ ಟೀ ಕುಡಿಯುವ ಹುಡುಗರೇ ಈ ಭೇದವನ್ನು ತಮ್ಮ ಮಾತಿನಲ್ಲಿ ಇಟ್ಟುಕೊಂಡಿದ್ದಾರೆ. “ನೀನು ಆಕ್ಟ್ ಅಪ್ರೆಂಟಿಸಾ, ಕಂಪ್ನಿ ಟ್ರೈನಿಯಾ?” ಎಂದು ಅವರು ಕೇಳಿಕೊಳ್ಳುತ್ತಾರೆ. ಒಂದನ್ನು ಕಾಯ್ದೆ ಕೊಟ್ಟಿದೆ, ಇನ್ನೊಂದನ್ನು ಕಂಪನಿ ಕೊಟ್ಟಿದೆ ಎಂಬುದು ಆ ಎರಡು ಮಾತಿನಲ್ಲೇ ಇದೆ. ನಿಘಂಟಿಗಿಂತ ಚೆನ್ನಾಗಿ ಹೇಳಿದ್ದಾರೆ. ಪತ್ರಿಕೆಯವರೂ ಉದ್ಯೋಗ ಮೇಳದ ಕರಪತ್ರ ಬರೆಯುವವರೂ ಇದನ್ನೇ ಬಳಸಲಿ. ‘500 ಮಂದಿಗೆ ತರಬೇತಿ ಅವಕಾಶ’ ಎಂದು ಬರೆಯುವವರು ಅವರಲ್ಲಿ ಎಷ್ಟು ಜನ ಕಾಯ್ದೆಯ ಅಪ್ರೆಂಟಿಸ್‌ಗಳು, ಎಷ್ಟು ಜನ ಕಂಪನಿ ಟ್ರೈನಿಗಳು ಎಂದು ಬಿಡಿಸಿ ಬರೆಯಲಿ.

ಕಾನೂನು ಕೂಡ ಈಗ ಆ ಹುಡುಗರ ಮಾತಿನ ಹತ್ತಿರಕ್ಕೆ ಬಂದಿದೆ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ವೇತನ ಸಂಹಿತೆ, ಕೈಗಾರಿಕಾ ಸಂಬಂಧಗಳ ಸಂಹಿತೆ, ಸಾಮಾಜಿಕ ಭದ್ರತಾ ಸಂಹಿತೆ ಈ ಮೂರರಲ್ಲೂ ನೌಕರ ಎಂಬ ಪದದ ಅರ್ಥ ಹೇಳುವಾಗ 1961ರ ಕಾಯ್ದೆಯಡಿ ತೆಗೆದುಕೊಂಡ ಅಪ್ರೆಂಟಿಸನನ್ನು ಮಾತ್ರ ಹೊರಗಿಟ್ಟಿದ್ದಾರೆ. ಸ್ಥಾಯಿ ಆದೇಶದ ಅಪ್ರೆಂಟಿಸ್ ಎಂಬ ವಿನಾಯಿತಿ ಆ ಅರ್ಥದಲ್ಲಿ ಇಲ್ಲ. ಹಾಗಾದರೆ ಕೂಲಿಗೆ ಗೇಯುವ ಕಂಪನಿ ಟ್ರೈನಿ ನೌಕರನೇ ಎಂದು ನಾನು ಓದಿಕೊಳ್ಳುತ್ತೇನೆ. ಅದನ್ನು ಹಾಗೆ ಓದಲು ಒಪ್ಪದವರು ಇರುತ್ತಾರೆ. ಸ್ಟೈಪೆಂಡ್ ಕೂಲಿಯಲ್ಲ, ಆದ್ದರಿಂದ ಅವನು ಕೂಲಿಗೆ ಇರುವವನೂ ಅಲ್ಲ ಎಂದು ವಾದ ಹೂಡುತ್ತಾರೆ. ಆಗ ಇನ್ನೊಂದು ಜೋಡಿ ಪದಗಳ ಜಗಳ ಶುರುವಾಗುತ್ತದೆ. ಎಂಟು ತಾಸು ದುಡಿಸಿಕೊಂಡು ತಿಂಗಳ ಕೊನೆಗೆ ಕೊಟ್ಟ ಹಣವನ್ನು ಯಾವ ಹೆಸರಿನಿಂದ ಕರೆದರೂ ಅದು ಕೂಲಿಯೇ. ಕಾರ್ಮಿಕ ಇಲಾಖೆಯವರು ಕಡತದಲ್ಲಿನ ಪದ ನೋಡದೆ ಲೈನಿನ ಪಕ್ಕ ಹತ್ತು ನಿಮಿಷ ನಿಂತು ನೋಡಿದರೆ ಯಾರು ಕಲಿಯುತ್ತಿದ್ದಾರೆ, ಯಾರು ಗೇಯುತ್ತಿದ್ದಾರೆ ಎಂದು ಕಣ್ಣಿಗೇ ಕಾಣುತ್ತದೆ.

ನೇಮಕ ಪತ್ರ ಕನ್ನಡದಲ್ಲಿ ಇರಬೇಕು. ಇದು ಭಾಷಾಭಿಮಾನದ ಮಾತಲ್ಲ. ಹೊಸ ಸಂಹಿತೆಗಳ ಪ್ರಕಾರ ಪ್ರತಿ ನೌಕರನಿಗೂ ನೇಮಕ ಪತ್ರ ಕೊಡುವುದು ಕಡ್ಡಾಯ. ಓದಲಾಗದ ಪತ್ರ ಕೊಟ್ಟರೆ ಕೊಟ್ಟಂತಾಯಿತೇ? ತಾಂಡ್ಯದ ಗೇಟುಗಳಲ್ಲಿ ಸಹಿ ಹಾಕುವ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದಲ್ಲಿ ಓದಿದವರು. ಅವರ ಮುಂದೆ ಎರಡು ಪುಟ ಇಂಗ್ಲಿಷ್ ಇಟ್ಟು ಇಲ್ಲಿ ಸಹಿ ಮಾಡು ಎಂದರೆ ಬೆರಳು ತೋರಿಸಿದ ಕಡೆ ಸಹಿ ಹಾಕುತ್ತಾರೆ. ಹೆಬ್ಬೆಟ್ಟು ಒತ್ತುತ್ತಿದ್ದ ಅವರ ಅಜ್ಜಂದಿರಿಗಿಂತ ಅವರು ಆ ಹೊತ್ತಿನಲ್ಲಿ ಹೆಚ್ಚು ಬಲ್ಲವರಲ್ಲ. ಐಟಿಐಗಳ ಶಿಕ್ಷಕರು ಕೊನೆಯ ತಿಂಗಳಲ್ಲಿ ಒಂದು ತರಗತಿಯನ್ನು ಇದಕ್ಕೆ ಕೊಡಲಿ. ಅಳತೆಯಲ್ಲಿ ಒಂದು ಮಿಲಿಮೀಟರಿನ ನೂರನೇ ಭಾಗದ ವ್ಯತ್ಯಾಸವನ್ನೂ ಬಿಡದಂತೆ ಕಲಿಸುವವರು ಅವರು. ಈ ಎರಡು ಪದಗಳ ವ್ಯತ್ಯಾಸವನ್ನು ಕಲಿಸಲು ಅವರಿಗಿಂತ ಯೋಗ್ಯರು ಯಾರು?

ಆ ಇಬ್ಬರು ಹುಡುಗರಲ್ಲಿ ಮೊದಲನೆಯವನು ಒಂದು ವರ್ಷ ಮುಗಿಸಿ ಪರೀಕ್ಷೆ ಬರೆದು ಪ್ರಮಾಣಪತ್ರ ತೆಗೆದುಕೊಂಡ. ಎರಡನೆಯವನು ಎರಡನೇ ವರ್ಷವೂ ಟ್ರೈನಿಯಾಗಿದ್ದ. ಅವನ ತಾಯಿಗೆ ನಾನು ಆಮೇಲೆ ಉತ್ತರ ಕೊಟ್ಟೆ. “ಗೇಯಕ್ಕೇ ಹೋಗ್ತಾ ಇದ್ದಾನೆ ತಾಯಿ, ಕಲಿಯೋನಿಗೆ ಕೊಡೋ ದುಡ್ಡು ಕೊಡ್ತಾ ಇದ್ದಾರೆ” ಎಂದೆ. ಅವರಿಗೆ ಆಶ್ಚರ್ಯವಾಗಲಿಲ್ಲ.

ನಿಮ್ಮ ಮನೆಯಲ್ಲೂ ಇಂಥ ಪತ್ರ ಹಿಡಿದ ಮಗನೋ ಮಗಳೋ ಇದ್ದರೆ ಸಹಿಗೆ ಮೊದಲು ಅದನ್ನು ಬಿಚ್ಚಿ ನೋಡಿ. ಅಪ್ರೆಂಟಿಸ್ ಎಂದಿದ್ದರೆ ಒಪ್ಪಂದದ ನೋಂದಣಿ ಸಂಖ್ಯೆ ಎಲ್ಲಿ ಎಂದು ಕೇಳಿ. ನೋಂದಣಿ ಆಗಿಲ್ಲವೆಂಬ ಕಾರಣಕ್ಕೆ ಅಪ್ರೆಂಟಿಸ್ ಕೆಲಸಗಾರನಾಗಿಬಿಡುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿದೆ. ಆದ್ದರಿಂದ ಆ ಸಂಖ್ಯೆ ಆಮೇಲೆ ಕೇಳಿದರೆ ಆಗುವುದಲ್ಲ, ಮೊದಲೇ ಪಡೆದಿಟ್ಟುಕೊಳ್ಳಬೇಕು. ಟ್ರೈನಿ ಎಂದಿದ್ದರೆ ಪಿಎಫ್ ಮತ್ತು ಇಎಸ್‌ಐ ಕಟ್ಟುತ್ತೀರಾ, ಈ ತರಬೇತಿ ಯಾವ ತಾರೀಖಿಗೆ ಮುಗಿಯುತ್ತದೆ ಎಂದು ಕೇಳಿ, ಉತ್ತರವನ್ನು ಬರವಣಿಗೆಯಲ್ಲೇ ತೆಗೆದುಕೊಳ್ಳಿ.